ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳ ಶೈಲಿ

ಉಡುಪಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಮನೆಯ ಶೈಲಿ ಗುರುತಿಸಲು ಮೊದಲು ಮಾಡು (ಛಾವಣಿ) ನೋಡಬೇಕು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಈ ಕರಾವಳಿಯಲ್ಲಿ ಕಡಿದಾದ ಇಳಿಜಾರು, ಗೋಡೆಯಿಂದ ಮುಂದೆ ಚಾಚಿದ ಸೂರು ಹಳೆಯ ಮನೆಗಳಿಗೆಲ್ಲ ಸಾಮಾನ್ಯ. ವ್ಯತ್ಯಾಸ ಇರುವುದು ಹೊದಿಕೆಯಲ್ಲಿ. ಮುಳಿಹುಲ್ಲು ಹೊದೆಸಿದ ಮಣ್ಣುಗೋಡೆಯ ಮನೆ ಈಗ ತೀರಾ ವಿರಳ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚು ಕರಾವಳಿಯುದ್ದಕ್ಕೂ ಹಬ್ಬಿತು. ಹಂಚಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಆದರೆ ಮಾಡಿಗೆ ಆಗಾಗ ಹೊಸ ಹಂಚು ಹೊದೆಸುವುದರಿಂದ ಅದೊಂದನ್ನೇ ನಂಬಿ ಮನೆಯ ವಯಸ್ಸು ಹೇಳಬಾರದು.

ಇಲ್ಲಿನ ಅತಿ ಶ್ರೀಮಂತ ರಚನೆ ಚೌಕಿ ಮನೆ. ಹೆಬ್ಬಾಗಿಲು ದಾಟಿದರೆ ನಡುವೆ ತೆರೆದ ಅಂಗಳ, ಸುತ್ತ ಜಗಲಿ, ಆಚೆ ಕೋಣೆಗಳು. ಜಗಲಿಯ ಮರದ ಕಂಬವನ್ನು ಹತ್ತಿರದಿಂದ ನೋಡಬೇಕು: ಬುಡಕ್ಕೆ ಕಲ್ಲಿನ ಪೀಠ, ನಡುವೆ ಕೆತ್ತನೆ, ತುದಿಯಲ್ಲಿ ತೊಲೆ ಹೊರುವ ಬೋದಿಗೆ. ಬಂಟ ಸಮುದಾಯದ ಇಂಥ ಮನೆಗಳು ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಪದ್ಧತಿಯ, ಕೂಡುಕುಟುಂಬಕ್ಕೆ ಕಟ್ಟಿದವು. 1949ರ ಅಳಿಯಸಂತಾನ ಕಾಯ್ದೆಯ ನಂತರ ಆಸ್ತಿ ಪಾಲಾಗುತ್ತ ಬಂದು, ಅಷ್ಟು ದೊಡ್ಡ ಮನೆ ಉಳಿಸಿಕೊಳ್ಳುವುದು ಕಷ್ಟವಾಯಿತು. ಹರ್ಕೂರಿನ ‘ಒಳಗಿನ ಮನೆ’ ಎಂಬ ಮನೆಯನ್ನು ಬಿಚ್ಚಿ ಮಣಿಪಾಲದಲ್ಲಿ ಮತ್ತೆ ಜೋಡಿಸಲಾಗಿದೆ. ಹೀಗೆ ಹಳೆಯ ಮನೆಗಳನ್ನು ತಂದು ವಿಜಯನಾಥ ಶೆಣೈ ಅಲ್ಲಿ ಕಟ್ಟಿದ ಪಾರಂಪರಿಕ ಗ್ರಾಮ ಇಲ್ಲದಿದ್ದರೆ ಇಂಥ ಎಷ್ಟೋ ಮನೆಗಳು ಸೌದೆಯಾಗುತ್ತಿದ್ದವು.

ಮುರಕಲ್ಲಿನ ಗೋಡೆಯ ಮೇಲೆ ಕಾಂಕ್ರೀಟ್ ತಾರಸಿ ಇದ್ದರೆ ಆ ಮನೆ ಇತ್ತೀಚಿನದು. ತಾರಸಿ ಸೋರದಂತೆ ಅದರ ಮೇಲೂ ಇಳಿಜಾರು ಶೀಟು ಹಾಕಿಸುವುದು ಈಗ ಸಾಮಾನ್ಯ.