ಕಲಿಸಲು ಬಂದವರು ಮೊದಲು ಕಲಿತರು

ಪರದೇಶದಲ್ಲಿ ನೆಲೆನಿಂತು, ಅಲ್ಲಿಯ ಭಾಷೆ ಕಲಿತು, ಆ ಭಾಷೆಯಲ್ಲಿಯೇ ಇತರರಿಗೆ ಪಾಠ ಹೇಳುವ ಮಟ್ಟಕ್ಕೇರುವುದು ಸುಲಭದ ಮಾತಲ್ಲ. ಇಂದು ಅದಕ್ಕೆ ತರಬೇತಿ ಕೇಂದ್ರಗಳಿವೆ, ವಿದ್ಯಾರ್ಥಿವೇತನಗಳಿವೆ. ಅವೊಂದೂ ಇಲ್ಲದ ಕಾಲದಲ್ಲಿ, 1836ರಲ್ಲಿ, ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಓದಿದ್ದ ಇಬ್ಬರು ಗೆಳೆಯರು ಭಾರತಕ್ಕೆ ಬಂದರು. ಇಬ್ಬರ ಹೆಸರೂ ಹೆರ್ಮನ್. ಮುಂದೆ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡಕ್ಕಾಗಿ ದುಡಿದರು, ಹೆರ್ಮನ್ ಗುಂಡರ್ಟ್ ತಲಶ್ಶೇರಿಯಲ್ಲಿ ಮಲಯಾಳಕ್ಕಾಗಿ ದುಡಿದರು. ಈ ಎರಡು ಊರುಗಳ ನಡುವೆ ಇರುವುದು ನಮ್ಮ ಕಾಸರಗೋಡು. ಎರಡೂ ಭಾಷೆಗಳಲ್ಲಿ ಹೊರಬರುವ ಈ ವಾರ್ಷಿಕ ಸಂಚಿಕೆಯಲ್ಲಿ ಅವರಿಬ್ಬರನ್ನೂ ಒಟ್ಟಿಗೆ ನೆನೆಯುವುದು ಉಚಿತವೆಂದು ಭಾವಿಸುತ್ತೇನೆ. ನಾನು ಇತಿಹಾಸದ ವಿದ್ವಾಂಸನಲ್ಲ, ಬ್ಯಾಂಕಿನ ಗುಮಾಸ್ತ. ಬಿಡುವಿನಲ್ಲಿ ಓದಿದ್ದನ್ನು ಕ್ರಮವಾಗಿ ಹೇಳಲು ಪ್ರಯತ್ನಿಸಿದ್ದೇನೆ.

1814ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿದ ಗುಂಡರ್ಟ್ ಹೊರಟದ್ದು ಕಲ್ಕತ್ತೆಗೆ. ಒಬ್ಬ ಆಂಗ್ಲ ಮಿಶನರಿಯ ಮಕ್ಕಳಿಗೆ ಮನೆಪಾಠ ಹೇಳುವ ಕೆಲಸ ಅವರದಾಗಿತ್ತು. ಹಡಗಿನಲ್ಲಿ ಕುಳಿತೇ ಅವರು ಬಂಗಾಳಿ, ಹಿಂದುಸ್ತಾನಿ, ತೆಲುಗು ಭಾಷೆಗಳನ್ನು ಅಭ್ಯಾಸ ಮಾಡಿದರು. ತಾವು ಕಲಿತದ್ದನ್ನು ಸಹಪ್ರಯಾಣಿಕರಿಗೂ ಹೇಳಿಕೊಟ್ಟರು. ಆದರೆ ಹಡಗು ಮದರಾಸಿಗೆ ಮುಟ್ಟಿದ ಮೇಲೆ ತಂಡದವರು ಅಲ್ಲಿಯೇ ಉಳಿಯುವುದೆಂದು ನಿರ್ಧರಿಸಿದರು. ಕಲಿತ ಬಂಗಾಳಿಯನ್ನು ಕಟ್ಟಿಟ್ಟು ಗುಂಡರ್ಟ್ ತಮಿಳಿನ ಅಕ್ಷರಾಭ್ಯಾಸಕ್ಕೆ ಕುಳಿತರು. ಮುಂದೆ ತಿರುನೆಲ್ವೇಲಿ, ಚಿತ್ತೂರುಗಳಲ್ಲಿ ಇದ್ದು, 1838ರಲ್ಲಿ ಫ್ರೆಂಚ್ ಮಾತಿನ ಸ್ವಿಸ್ ಮಹಿಳೆ ಜೂಲಿ ದುಬೊವಾ ಅವರನ್ನು ಮದುವೆಯಾದರು. ಅದೇ ವರ್ಷ ಮಂಗಳೂರಿಗೆ ಬಂದು ಬಾಸೆಲ್ ಮಿಶನ್ ಸೇರಿದರು. 1839ರಲ್ಲಿ ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ಬಿಡಾರ ಹೂಡಿದ ಮೇಲೆ ಮಲಯಾಳದ ಕಲಿಕೆ ಭರದಿಂದ ಸಾಗಿತು.

ಅಲ್ಲಿ ಅವರಿಗೆ ಗುರುಗಳಾಗಿ ಒದಗಿದವರು ಚೊಕ್ಲಿಯ ಊರಾಚ್ಚೇರಿ ಗುರುನಾಥರು. ತೀಯ ಸಮಾಜದ ಈ ವಿದ್ವಾಂಸ ಸಹೋದರರು ಗುಂಡರ್ಟರಿಗೆ ಮಲಯಾಳವನ್ನೂ ಸಂಸ್ಕೃತವನ್ನೂ ಪಾಠ ಮಾಡಿದರು. ವಿಶ್ವವಿದ್ಯಾನಿಲಯದ ಪದವಿ ಪಡೆದಿದ್ದ ಬಿಳಿಯನೊಬ್ಬ ನಮ್ಮ ಹಳ್ಳಿಯ ಗುರುಗಳ ಮುಂದೆ ಶಿಷ್ಯನಾಗಿ ಕುಳಿತ ಸಂಗತಿಯನ್ನು ನಾವು ಮರೆಯಬಾರದು. ಗುಂಡರ್ಟರನ್ನು ಎಲ್ಲರೂ ಕೊಂಡಾಡುತ್ತಾರೆ. ಅವರಿಗೆ ಭಾಷೆ ಕೊಟ್ಟವರ ಹೆಸರು ಮಾತ್ರ ಅಡಿಟಿಪ್ಪಣಿಯಲ್ಲಿ ಉಳಿಯುತ್ತದೆ. ಜೂಲಿಯವರು ಇಲ್ಲಿಕ್ಕುನ್ನಿನಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. 1847ರಲ್ಲಿ ಅದೇ ಬಂಗಲೆಯ ಕಲ್ಲಚ್ಚಿನಲ್ಲಿ ಮಲಯಾಳದ ಮೊದಲ ಪತ್ರಿಕೆ 'ರಾಜ್ಯಸಮಾಚಾರಂ' ಹೊರಬಂತು. 1857ರಲ್ಲಿ ಸರಕಾರ ಗುಂಡರ್ಟರನ್ನು ಮಲಬಾರು ಮತ್ತು ಕೆನರಾ ಶಾಲೆಗಳ ಇನ್‌ಸ್ಪೆಕ್ಟರರನ್ನಾಗಿ ನೇಮಿಸಿತು. ಅಂದಿನ ಕೆನರಾದಲ್ಲಿ ಕಾಸರಗೋಡು ಸೇರಿತ್ತು. ಹಾಗಾಗಿ ನಮ್ಮ ನೆಲಕ್ಕೂ ಅವರು ಶಾಲಾ ಇನ್‌ಸ್ಪೆಕ್ಟರರೇ. ಆರೋಗ್ಯ ಕೆಟ್ಟು 1859ರಲ್ಲಿ ಅವರು ಊರಿಗೆ ಮರಳಿದರು.

1811ರಲ್ಲಿ ಹುಟ್ಟಿದ ಮೋಗ್ಲಿಂಗರ ದಾರಿ ಇದಕ್ಕಿಂತ ನೇರವಾದದ್ದು. ಮಂಗಳೂರಿಗೆ ಬಂದು ಕನ್ನಡ ಕಲಿತು, ಹುಡುಗರ ವಸತಿಶಾಲೆ ನಡೆಸಿ, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. 1848ರಿಂದ 'ಬಿಬ್ಲಿಯೋತಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಓಲೆಗರಿಗಳಲ್ಲಿದ್ದ ಕಾವ್ಯಗಳನ್ನು ಅಚ್ಚು ಹಾಕಿಸಿದರು. ದಾಸರ ಪದಗಳು ಮೊದಲ ಸಲ ಪುಸ್ತಕವಾಗಿ ಬಂದದ್ದೂ ಅವರ ಕೈಯಿಂದಲೇ. ಈ ಕೆಲಸವನ್ನು ಮೆಚ್ಚಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1881ರಲ್ಲಿ ಮೋಗ್ಲಿಂಗ್ ತೀರಿಕೊಂಡ ಮೇಲೆ ಅವರ ಜೀವನಚರಿತ್ರೆಯನ್ನು ಬರೆದವರು ಗೆಳೆಯ ಗುಂಡರ್ಟರೇ.

ಇವರು ಬಂದದ್ದು ಮತಪ್ರಚಾರಕ್ಕೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದರಿಂದ ಇಲ್ಲಿನ ಮನೆಗಳಲ್ಲಿ ಉಂಟಾದ ನೋವೂ ಸಣ್ಣದಲ್ಲ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರ ಕಥೆ ಇದಕ್ಕೆ ಸಾಕ್ಷಿ. 1844ರಲ್ಲಿ ಅವರು ಕ್ರೈಸ್ತಮತಕ್ಕೆ ಸೇರಿದಾಗ ಮನೆ, ಜಾತಿ, ಬಂಧುಬಳಗ ಎಲ್ಲವೂ ಕಳಚಿಹೋದವು. 1846ರಲ್ಲಿ ಮೋಗ್ಲಿಂಗರ ಜತೆ ಹಡಗು ಹತ್ತಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಹೋದರು. ಕಡಲು ದಾಟುವುದೇ ಪಾಪವೆಂದಿದ್ದ ಕಾಲವದು. ಭಾಷೆ, ಹವೆ, ಊಟ, ಉಡುಪು ಯಾವುದೂ ತನ್ನದಲ್ಲದ ಊರಿನಲ್ಲಿ ವರ್ಷಗಟ್ಟಲೆ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಮಂಗಳೂರಿನ ಸೆಮಿನರಿಯಲ್ಲಿ ಅಧ್ಯಾಪಕರಾದರು. ಇಬ್ಬರು ಜರ್ಮನರು ನಮ್ಮ ಭಾಷೆ ಕಲಿಯಲು ಪಟ್ಟ ಕಷ್ಟವನ್ನು ಬರೆದವರು ಹಲವರಿದ್ದಾರೆ. ನಮ್ಮವನೊಬ್ಬ ಅತ್ತ ಹೋಗಿ ಪಟ್ಟ ಕಷ್ಟ ಅದಕ್ಕಿಂತ ಕಡಿಮೆಯದೇನಲ್ಲ.

ಇಷ್ಟೆಲ್ಲ ಕಲಿಕೆಯ ಫಲ ಏನೆಂದು ಕೇಳಿದರೆ ನಾನು ಎರಡು ನಿಘಂಟುಗಳನ್ನು ತೋರಿಸುತ್ತೇನೆ. ಗುಂಡರ್ಟರ ಮಲಯಾಳ-ಇಂಗ್ಲಿಷ್ ನಿಘಂಟು 1872ರಲ್ಲಿ ಹೊರಬಂತು. 1853ರಲ್ಲಿ ಇಲ್ಲಿಗೆ ಬಂದ ಫರ್ಡಿನಾಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು, ಸುಮಾರು 70,000 ಪದಗಳನ್ನು ಹೊತ್ತು, 1894ರಲ್ಲಿ ಹೊರಬಂತು. ಎರಡೂ ಪ್ರಕಟವಾದದ್ದು ಮಂಗಳೂರಿನಲ್ಲಿ. ಮಲಯಾಳದ ಮಹಾನಿಘಂಟು ಕನ್ನಡದ ಊರಿನಿಂದ ಹೊರಟಿತೆಂಬುದು ಗಡಿನಾಡಿನವರಾದ ನಮಗೆ ಸಂತೋಷ ಕೊಡಬೇಕು.

ಈ ನಿಘಂಟುಗಳನ್ನು ತೆರೆದರೆ ಇನ್ನೊಂದು ಸೊಗಸು ಕಾಣುತ್ತದೆ. ಒಂದು ಪದದ ಅರ್ಥ ಹೇಳಿ ಅವು ಸುಮ್ಮನಾಗುವುದಿಲ್ಲ. ಅದರ ಒಡಹುಟ್ಟಿದ ಪದಗಳು ಸೋದರಭಾಷೆಗಳಲ್ಲಿ ಹೇಗಿವೆ ಎಂದೂ ಗುರುತಿಸುತ್ತವೆ. ನಮ್ಮ ಹುಲಿ ಮಲಯಾಳದಲ್ಲಿ ಪುಲಿ, ತುಳುವಿನಲ್ಲಿ ಪಿಲಿ. ನಮ್ಮ ಹಾಲು ಅಲ್ಲಿ ಪಾಲ್, ನಮ್ಮ ಹೂವು ಅಲ್ಲಿ ಪೂವ್. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪೂ ಎಂದೇ ಹೇಳುತ್ತಿದ್ದೆವು. ಕಾಲಕ್ರಮದಲ್ಲಿ ಪಕಾರ ಹಕಾರವಾಯಿತು. ಕಾಸರಗೋಡಿನ ಮಗು ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಈ ಮೂರು ರೂಪಗಳನ್ನೂ ದಿನವೂ ಕೇಳುತ್ತದೆ. ಪಂಡಿತರು ಬಾಳು ಸವೆಸಿ ಕಂಡುಕೊಂಡದ್ದು ನಮ್ಮ ಮಕ್ಕಳ ಕಿವಿಗೆ ತಾನಾಗಿ ಬೀಳುತ್ತಿದೆ.

ಆದರೆ ಈ ಸಂಪತ್ತನ್ನು ತಿಳಿಸಿಕೊಡುವವರು ಯಾರು? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳಲು ನಮ್ಮ ಹಿರಿಯರು ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ. ಮಲಯಾಳವನ್ನು ಕಡ್ಡಾಯ ಮಾಡುವ ಕಾಯಿದೆ 2017ರಲ್ಲಿ ಬಂದಾಗಲೂ ನಮ್ಮವರು ಬೀದಿಗಿಳಿಯಬೇಕಾಯಿತು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ಕಳುಹಿಸಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಹಾಗೆ ಬಂದ ಅಧ್ಯಾಪಕರನ್ನು ನಾನು ಶತ್ರುಗಳೆಂದು ಎಣಿಸುವುದಿಲ್ಲ. ಹೊಟ್ಟೆಪಾಡಿಗೆ ಸಿಕ್ಕಿದ ನೌಕರಿ ಅದು. ಆದರೆ ಗುಂಡರ್ಟರು ಇಲ್ಲಿಕ್ಕುನ್ನಿನಲ್ಲಿ ಮಾಡಿದ್ದನ್ನು ಇವರಿಂದಲೂ ಅಪೇಕ್ಷಿಸುವುದು ತಪ್ಪಲ್ಲ. ಮೊದಲು ಶಿಷ್ಯನಾಗಬೇಕು, ಅನಂತರ ಗುರುವಾಗಬೇಕು. ಭಾಷೆ ತಿಳಿಯದ ಗುರುವಿನ ಮುಂದೆ ಕುಳಿತ ಒಂದನೇ ತರಗತಿಯ ಮಗುವಿಗೆ ತನ್ನ ಊರೇ ಪರದೇಶವಾಗುತ್ತದೆ.

ಇದೇ ಮಾತು ನಮಗೂ ಅನ್ವಯಿಸುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ ರುಜುವನ್ನೂ ಮಲಯಾಳ ರುಜುವನ್ನೂ ದಿನವೂ ನೋಡುತ್ತೇನೆ. ಎರಡೂ ಮಾತನ್ನು ಆಡಬಲ್ಲವರು ನಮ್ಮಲ್ಲಿ ಸಾವಿರಾರು ಮಂದಿ. ಎರಡನ್ನೂ ಶುದ್ಧವಾಗಿ ಬರೆಯಬಲ್ಲವರು, ಅದಕ್ಕಿಂತ ಮುಖ್ಯವಾಗಿ ಎರಡನ್ನೂ ಕಲಿಸಬಲ್ಲವರು, ಎಷ್ಟು ಮಂದಿ? ನಮ್ಮ ಮನೆಗಳಲ್ಲಿ ಓದಿ ಮುಂದೆ ಬರುವ ಹುಡುಗ ಹುಡುಗಿಯರು ಇಂಜಿನಿಯರೋ ನರ್ಸೋ ಆಗಿ ಗಲ್ಫಿಗೆ ಹೋಗಲಿ, ಬೇಡವೆನ್ನುವುದಿಲ್ಲ. ಅವರಲ್ಲಿ ಒಬ್ಬಿಬ್ಬರಾದರೂ ಭಾಷಾ ಅಧ್ಯಾಪಕರಾಗಲು ಮನಸ್ಸು ಮಾಡಲಿ.

ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ 2015ರಲ್ಲಿ ಗುಂಡರ್ಟ್ ಹೆಸರಿನ ಮಲಯಾಳ ಪೀಠ ಆರಂಭವಾಯಿತು. ಊರಾಚ್ಚೇರಿ ಗುರುನಾಥರು ಕೊಟ್ಟ ಪಾಠ ಹಾಗೆ ಕಡಲಾಚೆ ತಲುಪಿತು. ಅಷ್ಟು ದೂರ ಹೋಗಬಲ್ಲ ಭಾಷೆ ಇಲ್ಲಿಯ ಶಾಲೆಯ ಹೊಸ್ತಿಲಲ್ಲಿ ಎಡವಬಾರದು. ಇಲ್ಲಿ ಮಲಯಾಳಕ್ಕೆ ಸಿಗುವ ಒಳ್ಳೆಯ ಗುರು ಕನ್ನಡಕ್ಕೂ ಸಿಗಬೇಕು.