ಕುಂಡದೊಳಗಿನ ಆಲ, ರಸ್ತೆ ಪಕ್ಕದ ಆಲ

ಈ ವಾರ ರಾಗಿ, ರೇಷ್ಮೆ ವಿಷಯ ಬರೀತಿಲ್ಲ. ನಮ್ಮ ಜಗುಲಿ ಮೇಲೆ ಒಂದು ಕುಂಡದಲ್ಲಿ ಒಂದೂವರೆ ಅಡಿ ಆಲದ ಮರ ಇದೆ. ಬಂದವರೆಲ್ಲ "ಏನಣ್ಣ, ಆಲದ ಮರಾನೂ ಪಾಟಿಗೆ ಹಾಕಿಬಿಟ್ಟೆಯಲ್ಲ" ಅಂತ ನಗ್ತಾರೆ. ಅವರಿಗೆ ಉತ್ತರ ಬರೆಯೋಣ ಅಂತ ಕೂತೆ. ಸ್ವಲ್ಪ ಹಳೇ ಕಾಲದಿಂದ ಶುರು ಮಾಡಬೇಕು.

ಇದಕ್ಕೆ ಬೋನ್ಸಾಯ್ ಅಂತಾರೆ. ಹೆಸರು ಜಪಾನಿನದು, ಆದರೆ ವಿದ್ಯೆ ಹುಟ್ಟಿದ್ದು ಚೀನಾದಲ್ಲಿ. ಅಲ್ಲಿ 706ರಲ್ಲಿ ಕಟ್ಟಿದ ಒಬ್ಬ ರಾಜಕುಮಾರನ ಸಮಾಧಿಯ ಗೋಡೆ ಮೇಲೆ, ಪುಟ್ಟ ಗಿಡ ಕಲ್ಲು ಇಟ್ಟ ತಟ್ಟೆ ಹಿಡಿದ ಆಳಿನ ಚಿತ್ರ ಇದೆ. ಅಲ್ಲಿಂದ ಅದು ಜಪಾನಿಗೆ ಹೋಯ್ತು. ನಮಗೆ ಅಪ್ಪನಿಂದ ಹೊಲ ಬಂದ ಹಾಗೆ ಅಲ್ಲಿ ಕುಂಡದ ಮರ ಬರುತ್ತೆ. ಹಿರೋಶಿಮಾದ ಯಮಾಕಿ ಮನೆತನದಲ್ಲಿ ಒಂದು ಪೈನ್ ಮರ ಇತ್ತು, 1625ರಿಂದ ಪಳಗಿಸಿದ್ದು. 1945ರ ಆಗಸ್ಟ್ 6ರಂದು ಬಾಂಬು ಬಿದ್ದ ಜಾಗಕ್ಕೂ ಆ ಮನೆಗೂ ಸುಮಾರು 3 ಕಿಲೋಮೀಟರ್. ಮರ ಉಳಿಯಿತು. 1976ರಲ್ಲಿ ಆ ಮನೆಯವರು ಅದನ್ನ ಅಮೆರಿಕಕ್ಕೇ ಉಡುಗೊರೆ ಕೊಟ್ಟರು. ಕುಂಡದ ಮರಕ್ಕೆ ಆಳಕ್ಕೆ ಬೇರು ಬಿಡೋಕೆ ಜಾಗ ಇಲ್ಲ. ಬೇಸಿಗೆಯಲ್ಲಿ ನಾಲ್ಕು ದಿನ ಮರೆತರೆ ಮುಗೀತು. ಅಷ್ಟು ತಲೆಮಾರು ಯಾರೂ ಮರೀಲಿಲ್ಲ ಅನ್ನೋದೇ ದೊಡ್ಡದು.

ಆ ಪೈನ್ ನಮ್ಮ ಸೆಕೆಗೆ ಆಗಲ್ಲ. ನಮಗೆ ಆಗೋದು ಆಲ, ಅರಳಿ, ಬಸರಿ, ಗೋಣಿ. ಗೋಡೆ ಸಂದಿಯಲ್ಲೂ ಹುಟ್ಟೋ ಜಾತಿ ಇವು. ಆದರೆ ನಮ್ಮ ಹಿರಿಯರು ಇವನ್ನ ಹಾಕಿದ್ದು ರಸ್ತೆ ಪಕ್ಕಕ್ಕೆ. ದನಕ್ಕೂ ಜನಕ್ಕೂ ನೆರಳಾಗಲಿ ಅಂತ ದಾರಿಯಲ್ಲಿ ಆಲ ನೆಡಿಸಿದ್ದನ್ನ ಅಶೋಕ ಚಕ್ರವರ್ತಿ ಕಂಬದ ಶಾಸನದಲ್ಲಿ ಬರೆಸಿದ್ದಾನೆ. ಅದು 2,200 ವರ್ಷದ ಹಿಂದಿನ ಮಾತು. ನಮ್ಮ ಕಾಲದಲ್ಲಿ ಸಾಲುಮರದ ತಿಮ್ಮಕ್ಕ. ಹುಲಿಕಲ್‌ನಿಂದ ಕುದೂರು ಕಡೆ ಗಂಡ ಚಿಕ್ಕಯ್ಯನವರ ಜೊತೆ ಕೊಡದಲ್ಲಿ ನೀರು ಹೊತ್ತು, ದನ ಮೇಯದ ಹಾಗೆ ಮುಳ್ಳು ಕಟ್ಟಿ, 385 ಆಲ ಬೆಳೆಸಿದರು. ಮೊದಲ ವರ್ಷ ಇಟ್ಟಿದ್ದು ಹತ್ತೇ ಸಸಿ. 2019ರಲ್ಲಿ ರಸ್ತೆ ಅಗಲ ಮಾಡೋಕೆ ಆ ಮರಗಳಿಗೂ ಕುತ್ತು ಬಂದಿತ್ತು. ಅಜ್ಜಿ ಹೋಗಿ ಮುಖ್ಯಮಂತ್ರಿಯನ್ನೇ ಕೇಳಿದರು, ಬೇರೆ ದಾರಿ ನೋಡ್ತೀವಿ ಅಂದರು. 2025ರ ನವೆಂಬರಿನಲ್ಲಿ ಅಜ್ಜಿ ತೀರಿಕೊಂಡರು.

ನಮ್ಮೂರ ಗೇಟಿನಲ್ಲೂ ಒಂದು ಆಲ ಇತ್ತು. ಸಂತೆಗೆ ಹೋಗುವಾಗ ನಮ್ಮಪ್ಪ ಅದರ ಬಿಳಲಿಗೆ ಎತ್ತು ಕಟ್ಟಿ ಬುತ್ತಿ ಬಿಚ್ತಿದ್ದರು. ರಸ್ತೆ ಅಗಲ ಮಾಡೋರು ಅದನ್ನ ಕಡಿದ ದಿನ ನಾನು ಗೂಡು ಹಾಕೋಕೆ ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ಕಡೀತಾರೆ ಅಂತ ಹದಿನೈದು ದಿನ ಮುಂಚೆನೇ ಗೊತ್ತಿತ್ತು. ಊರಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸಂಜೆ ಬಂದು ನೋಡಿದರೆ ಕೊಂಬೆಯಿಂದ ಇನ್ನೂ ಹಾಲು ಸೋರ್ತಿತ್ತು. ಹೆಬ್ಬೆರಳು ದಪ್ಪದ ಎರಡು ತುಂಡು ತಂದು ನೆರಳಲ್ಲಿ ನೆಟ್ಟೆ. ಒಂದು ಒಣಗಿತು, ಒಂದು ಚಿಗುರಿತು. ನನ್ನ ಒಂದೂಕಾಲು ಎಕರೆಯಲ್ಲಿ ಬದುವಿಗೆ ಆಲ ಹಾಕಿದರೆ ನೆರಳಿಗೆ ಬೆಳೆ ಬರಲ್ಲ, ಪಕ್ಕದ ಹೊಲದವರ ಜೊತೆ ಜಗಳ ಬೇರೆ. ಅದಕ್ಕೇ ಕುಂಡ.

ಸಾಕೋದು ಕಷ್ಟ ಇಲ್ಲ, ಆದರೆ ನಾನು ಮೊದಲು ತಪ್ಪು ಮಾಡಿದೆ. ನೆಂಟರಿಗೆ ತೋರಿಸೋಣ ಅಂತ ನಡುಮನೆಗೆ ತಂದು ಟಿವಿ ಪಕ್ಕ ಇಟ್ಟು, ದಿನಾ ನೀರು ಹಾಕಿದೆ. ಹತ್ತು ದಿನದಲ್ಲಿ ಅರ್ಧ ಎಲೆ ಉದುರಿತು. ಆಲದ ಜಾತಿಗೆ ಬೆಳಕು ಬೇಕು, ಪದೇ ಪದೇ ಜಾಗ ಬದಲಾಯಿಸಬಾರದು. ಈಗ ಜಗುಲಿಯಲ್ಲಿ ಬೆಳಗಿನ ಬಿಸಿಲು ಬೀಳೋ ಕಡೆ ಇಟ್ಟಿದ್ದೀನಿ. ಬೆರಳು ಇಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ತಳದ ತೂತಿಂದ ಇಳಿಯೋವರೆಗೂ ನೀರು. ಕೆಮ್ಮಣ್ಣು, ಇಟ್ಟಿಗೆ ಚೂರು, ಹಳೇ ಕೊಟ್ಟಿಗೆ ಗೊಬ್ಬರ ಸೇರಿಸಿದ ಮಣ್ಣು. ಚಿಗುರು ಆರೇಳು ಎಲೆ ಬಂದಾಗ ಎರಡು ಎಲೆ ಬಿಟ್ಟು ಕತ್ತರಿಸ್ತೀನಿ. ಎರಡು ವರ್ಷಕ್ಕೊಮ್ಮೆ ಮೊದಲ ಮಳೆ ಬಿದ್ದಾಗ ಕುಂಡದಿಂದ ತೆಗೆದು ಬೇರಿನ ಮೂರನೇ ಒಂದು ಭಾಗ ಸವರಿ ಮತ್ತೆ ಇಡ್ತೀನಿ.

ಹೋದ ವರ್ಷ ಸವರಿದ ಕಡ್ಡಿಗಳನ್ನ ಎಸೀಲಿಲ್ಲ, ಕವರಿನಲ್ಲಿ ನೆಟ್ಟೆ. ಮೂರು ಬೇರು ಬಿಟ್ಟಿವೆ, ಅದೇ ಗೇಟಿನ ಆಲದ ಮಕ್ಕಳು. ಈ ಮುಂಗಾರಿಗೆ ಗುಂಡುತೋಪಿನಲ್ಲಿ ಇಡೋಣ ಅಂತಿದ್ದೀನಿ. ನೆಡೋಕೆ ನಾನೊಬ್ಬ ಸಾಕು. ನೀರಿಗೆ ಮಾತ್ರ ಇನ್ನಿಬ್ಬರು ಬೇಕು. ವಾರಕ್ಕೆ ಎರಡು ದಿನದ ಸರದಿ, ಎರಡು ಬೇಸಿಗೆ ದಾಟೋವರೆಗೂ. ಬರೋರು ತಿಳಿಸಿ.