ದೂರವೈದ್ಯವೂ ಕೈಗುಣವೂ

ನಮ್ಮ ಜನ ವೈದ್ಯರನ್ನು ಅಳೆಯಲು ಬಳಸುವ ಮಾತೊಂದುಂಟು, ಅದು ಕೈಗುಣ. ಸಾತನೂರಿನಂಥ ಹೋಬಳಿಯ ಊರಿನಲ್ಲಿ ‘ಆ ಡಾಕ್ಟರ ಕೈಗುಣ ಚೆನ್ನಾಗಿದೆ’ ಎಂದರೆ ಅವರ ಪದವಿಯನ್ನು ಹೊಗಳಿದಂತಲ್ಲ. ನಾಡಿ ಹಿಡಿದ ರೀತಿ, ಕಷ್ಟ ಕೇಳಿದ ತಾಳ್ಮೆ, ‘ಹೆದರಬೇಡಮ್ಮ, ವಾಸಿಯಾಗುತ್ತೆ’ ಎಂದ ದನಿ, ಎಲ್ಲವೂ ಆ ಒಂದು ಮಾತಿನಲ್ಲಿ ಅಡಕವಾಗಿವೆ. ವೈದ್ಯರು ಒಂದೂರಿನಲ್ಲಿ, ರೋಗಿ ಇನ್ನೊಂದೂರಿನಲ್ಲಿ ಇದ್ದುಕೊಂಡೇ ನಡೆಯುವ ಇಂದಿನ ದೂರವೈದ್ಯದಲ್ಲಿ ಕೈ ತಾಗುವುದೇ ಇಲ್ಲ. ಹಾಗಾದರೆ ಕೈಗುಣದ ಗತಿಯೇನು?

ರೋಗಿಗೂ ವೈದ್ಯರಿಗೂ ನಡುವೆ ಯಂತ್ರ ಬಂದು ಕುಳಿತದ್ದು ಇಂದು ನಿನ್ನೆಯ ಮಾತಲ್ಲ. 1816ರಲ್ಲಿ ಲೆನೆಕ್ ಎಂಬ ಫ್ರೆಂಚ್ ವೈದ್ಯನು ತರುಣಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದದ ಸುರುಳಿಯ ಮೂಲಕ ಆಲಿಸಿದನು. ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ. 1905ರಲ್ಲಿ ಹಾಲೆಂಡಿನ ಐಂಥೋವನ್, ಲೈಡನ್ನಿನ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸ್ಪಂದನವನ್ನು ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಶಾಲೆಯಲ್ಲಿ ಬರೆದುಕೊಂಡನು.

ನಮ್ಮ ನಾಡಿನಲ್ಲಿ 2002ರಲ್ಲಿ ಇಸ್ರೊ ಸಂಸ್ಥೆಯ ಉಪಗ್ರಹವು ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಅಂಥ ಉಪಗ್ರಹಗಳು ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು ಕಳೆಯುತ್ತದೆ. ಅದೇನು ಮಹಾ ಎನ್ನಬಹುದು. ಆದರೆ ನೋವು ತೋಡಿಕೊಂಡು ಕಾದವನಿಗೆ ಆ ಮೌನವೇ ಉದಾಸೀನವಾಗಿ ತೋರೀತು. ಕ್ಯಾಮೆರಾದ ತೊಡಕೂ ಉಂಟು. ಅದು ಪರದೆಯ ಮೇಲಂಚಿನಲ್ಲಿದ್ದರೆ, ವೈದ್ಯರು ರೋಗಿಯ ಮುಖವನ್ನು ಎಷ್ಟೇ ಕನಿಕರದಿಂದ ನೋಡಿದರೂ ಆತನಿಗೆ ಅವರ ಕಣ್ಣು ಕೆಳಗಿಳಿದಂತೆಯೇ ಕಾಣುತ್ತದೆ. ಕನಿಕರ ಇದ್ದರೆ ಸಾಲದು. ಅದು ರೋಗಿಯನ್ನು ಮುಟ್ಟಲೂ ಬೇಕು.

2004ರಲ್ಲಿ ಸ್ಕಾಟ್ಲೆಂಡಿನ ಸ್ಟೂವರ್ಟ್ ಮರ್ಸರ್ ಮತ್ತು ಸಂಗಡಿಗರು ವೈದ್ಯರ ಸಹಾನುಭೂತಿಯನ್ನು ಅಳೆಯಲು ಹತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅಂಕ ಕೊಡುವವನು ರೋಗಿಯೇ. ನಿಮ್ಮ ಕಥೆ ಹೇಳಲು ಬಿಟ್ಟರೆ? ಕಂಪ್ಯೂಟರಿನ ಕಡೆ ನೋಡದೆ ಗಮನವಿಟ್ಟು ಕೇಳಿದರೆ? ತಿಳಿಯುವಂತೆ ವಿವರಿಸಿದರೆ? ಹೀಗೆ ಸಾಗುವ ಆ ಪಟ್ಟಿಯಲ್ಲಿ ‘ಮುಟ್ಟಿ ನೋಡಿದರೆ’ ಎಂಬ ಪ್ರಶ್ನೆಯೇ ಇಲ್ಲ. ಎಂದಮೇಲೆ ನಾವು ಕೈಗುಣವೆಂದು ಕರೆಯುವುದರಲ್ಲಿ ಬಹುಪಾಲು ಕಿವಿಯ ಗುಣವೇ ಸರಿ. ಅದು ದೂರದಿಂದಲೂ ಬರಬಲ್ಲದು.

ಬಹುಪಾಲು ಎಂದೆನೇ ಹೊರತು ಪೂರ್ತಿ ಎನ್ನಲಿಲ್ಲ. ಉಬ್ಬಿದ ಹೊಟ್ಟೆಯನ್ನು ಒತ್ತಿಯೇ ನೋಡಬೇಕು. 2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ಹೊರಬಂದ ಕೇಂದ್ರದ ಮಾರ್ಗಸೂಚಿಯೂ ದೇಹಪರೀಕ್ಷೆ ಅಗತ್ಯವಾದಾಗ ರೋಗಿಯನ್ನು ಎದುರಿಗೇ ನೋಡಬೇಕೆನ್ನುತ್ತದೆ. ಸರ್ಕಾರದ ಇ-ಸಂಜೀವನಿಯಲ್ಲಿ ಎರಡು ಬಗೆ. 2019ರಲ್ಲಿ ಮೊದಲಾದ ಬಗೆಯಲ್ಲಿ ರೋಗಿ ಆರೋಗ್ಯ ಕೇಂದ್ರಕ್ಕೆ ಬರುತ್ತಾನೆ. ಅಲ್ಲಿನ ಸಿಬ್ಬಂದಿ ಪಕ್ಕದಲ್ಲಿದ್ದು ದೂರದ ವೈದ್ಯರೊಡನೆ ಮಾತಾಡಿಸುತ್ತಾರೆ. 2020ರ ಏಪ್ರಿಲ್‌ನಲ್ಲಿ ಬಂದ ಬಗೆಯಲ್ಲಿ ಆತ ಮನೆಯಲ್ಲೇ ಫೋನು ಹಿಡಿದು ಕೂರುತ್ತಾನೆ.

ಈ ಎರಡರ ಅಂತರ ಸಣ್ಣದಲ್ಲ. ಸಾತನೂರಿನ ಸುತ್ತಿನ ಹಳ್ಳಿಯವನಿಗೆ ದೂರವೈದ್ಯದಿಂದ ಬಸ್ಸಿನ ಖರ್ಚೂ ಒಂದು ದಿನದ ಕೂಲಿಯೂ ಉಳಿಯುವುದು ನಿಜವಾದ ಲಾಭ. ಆದರೆ ಪರದೆ ಬಂತೆಂದು ಊರಿನ ದಾದಿಯ ಹುದ್ದೆಯನ್ನು ಖಾಲಿ ಬಿಟ್ಟರೆ ಆ ಲಾಭವೇ ಮೋಸವಾದೀತು. ದೂರದ ತಜ್ಞರು ಕಿವಿಗೊಡಲಿ. ನಾಡಿ ಹಿಡಿಯಲು ಊರಲ್ಲೊಂದು ಕೈ ಇರಲಿ.